ಹೊಸ ಹವಳದ ತೊಟ್ಟಿ, ಪಾಚಿ ಮತ್ತು ಪೋಷಕಾಂಶ: ಮೊದಲ ವರ್ಷದ ಅನುಭವ

ಸಂಪ್‌ (ಮುಖ್ಯ ತೊಟ್ಟಿಯ ಕೆಳಗೆ ಶೋಧಕ ಸಾಧನಗಳನ್ನು ಇಡುವ ಎರಡನೆಯ ತೊಟ್ಟಿ) ಸೇರಿದಂತೆ ಸುಮಾರು ಇನ್ನೂರು ಲೀಟರ್ ನೀರು ಹಿಡಿಯುವ ಹವಳದ ತೊಟ್ಟಿಯೊಂದನ್ನು ಕಟ್ಟಲು ಹೊರಟಾಗ ನಾನು ಮೊದಲೇ ಒಂದು ತೀರ್ಮಾನಕ್ಕೆ ಬಂದಿದ್ದೆ. ಪಾಚಿಗೆ ಹೆದರಿ, ಅದಕ್ಕೆ ಆಹಾರವಾಗುವ ನೈಟ್ರೇಟ್ (ಸಾರಜನಕದ ರೂಪ) ಮತ್ತು ಫಾಸ್ಫೇಟನ್ನು (ರಂಜಕದ ರೂಪ) ನೀರಿನಲ್ಲಿ ಸೊನ್ನೆಗೆ ಇಳಿಸುವ ಗೋಜಿಗೆ ಹೋಗಬಾರದು; ನೈಟ್ರೇಟ್ 5ರಿಂದ 10 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ ಎಂಬ ಅಳತೆ), ಫಾಸ್ಫೇಟ್ 0.05ರಿಂದ 0.1 ಪಿಪಿಎಂ ಎಂಬ ಮಿತಿಯೊಳಗೆ ಅವೆರಡನ್ನೂ ನಿಲ್ಲಿಸಿ, ಆ ಮಿತಿಯಲ್ಲಿ ಹವಳಗಳು ಬೆಳೆಯುವಂತೆಯೂ ಪಾಚಿ ಮೇಲುಗೈ ಪಡೆಯದಂತೆಯೂ ನೋಡಿಕೊಳ್ಳಬೇಕು ಎಂಬುದೇ ಆ ತೀರ್ಮಾನ. ಹೇಳಲು ಸುಲಭವಾದ ಈ ಮಾತನ್ನು ಪಾಲಿಸಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಆ ಅವಧಿಯಲ್ಲಿ ನೀರು, ಬಂಡೆ, ಪಾಚಿ ಇವು ಮೂರೂ ಒಂದರೊಡನೊಂದು ಹೇಗೆ ವ್ಯವಹರಿಸಿದವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸೊನ್ನೆ ಏಕೆ ಬೇಡ ಎಂಬುದನ್ನು ಮೊದಲು ಹೇಳಬೇಕು. ಸಮುದ್ರದ ಹವಳದ ದಿಬ್ಬಗಳ ಸುತ್ತಲಿನ ನೀರಿನಲ್ಲಿ ಈ ಎರಡೂ ಅತ್ಯಲ್ಪ ಪ್ರಮಾಣದಲ್ಲಿರುವುದು ನಿಜ. ಆದರೆ ಅಲ್ಲಿ ಹವಳದ ಮೇಲೆ ಹಗಲಿರುಳೂ ಹೊಸ ನೀರು ಹರಿಯುತ್ತಿರುತ್ತದೆ, ಅದರೊಂದಿಗೆ ಪ್ಲವಕಗಳೂ (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು) ಸೂಕ್ಷ್ಮ ಆಹಾರ ಕಣಗಳೂ ನಿರಂತರವಾಗಿ ಬರುತ್ತಿರುತ್ತವೆ. ಗಾಜಿನ ತೊಟ್ಟಿಯಲ್ಲಿ ಅಂಥ ಪೂರೈಕೆ ಇಲ್ಲ. ಅಲ್ಲಿ ನೀರಿನಲ್ಲಿ ಕರಗಿದ ಸಾರಜನಕವೂ ರಂಜಕವೂ ಬತ್ತಿಹೋದರೆ ಹವಳದ ಅಂಗಾಂಶದೊಳಗೆ ವಾಸಿಸುವ ಸಹಜೀವಿ ಪಾಚಿಗಳು ಸೊರಗುತ್ತವೆ, ಹವಳ ಬಣ್ಣಗೆಡುತ್ತದೆ. ಜತೆಗೆ ಇನ್ನೊಂದು ಅಪಾಯವೂ ಇದೆ. ಹೊಸ ತೊಟ್ಟಿಯಲ್ಲಿ ಎರಡೂ ಪೋಷಕಾಂಶಗಳು ಅಳತೆಗೆ ಸಿಗದಷ್ಟು ಕೆಳಗಿಳಿದಾಗ ಸಾಮಾನ್ಯ ಪಾಚಿ ಮತ್ತು ಬ್ಯಾಕ್ಟೀರಿಯಾಗಳು ಹಿಂದೆ ಸರಿದು, ಆ ಖಾಲಿ ಜಾಗವನ್ನು ಕಂದು ಲೋಳೆಯಂತೆ ಹಬ್ಬುವ ಏಕಕೋಶ ಜೀವಿಗಳಾದ ಡೈನೊಫ್ಲ್ಯಾಜೆಲ್ಲೇಟ್‌ಗಳು ಆಕ್ರಮಿಸುವುದು ಈ ಹವ್ಯಾಸದವರಿಗೆಲ್ಲ ಗೊತ್ತಿರುವ ಸಂಗತಿ. ಅವುಗಳಲ್ಲಿ ಆಸ್ಟ್ರಿಯೋಪ್ಸಿಸ್‌ನಂಥ ಕೆಲವು ವಿಷವನ್ನೂ ಉತ್ಪಾದಿಸುತ್ತವೆ. ಅವನ್ನು ಮೇಯ್ದ ಬಸವನಹುಳುಗಳು ಸಾಯುತ್ತವೆ. ಕೂದಲು ಪಾಚಿಯನ್ನು ಕೈಯಿಂದ ಕಿತ್ತು ತೆಗೆಯಬಹುದು, ಡೈನೊಗಳನ್ನು ಹಾಗೆ ತೆಗೆಯಲಾಗದು. ಹೀಗಾಗಿ ಎರಡು ತೊಂದರೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದರೆ ಹಸಿರು ಪಾಚಿಯೇ ವಾಸಿ ಎಂಬುದು ಆಗಲೂ ನನ್ನ ಅಭಿಪ್ರಾಯವಾಗಿತ್ತು, ಈಗಲೂ ಆಗಿದೆ.

ಕೆಲಸ ಶುರುವಾದದ್ದು ಬಂಡೆಯಿಂದ. ನಾನು ಆರಿಸಿಕೊಂಡದ್ದು ಒಣ ಬಂಡೆ. ಅದರಲ್ಲಿ ಬೇಡದ ಜೀವಿಗಳು ಬರುವುದಿಲ್ಲ ಎಂಬುದು ಅನುಕೂಲ. ಆದರೆ ಹಿಂದೆ ಅದರ ರಂಧ್ರಗಳಲ್ಲಿದ್ದ ಜೀವಿಗಳು ಸತ್ತು ಒಣಗಿದ ಅವಶೇಷವೂ, ಕ್ಯಾಲ್ಸಿಯಂ ಕಾರ್ಬೊನೇಟಿನ ಮೇಲ್ಮೈಗೆ ಅಂಟಿಕೊಂಡ ಫಾಸ್ಫೇಟೂ ಅದರೊಳಗೇ ಉಳಿದಿರುತ್ತವೆ. ಆದ್ದರಿಂದ ಬಂಡೆಗಳನ್ನು ತೊಟ್ಟಿಗೆ ಇಳಿಸುವ ಮುನ್ನ ಮುಚ್ಚಳವಿರುವ ದೊಡ್ಡ ಡ್ರಮ್ಮಿನಲ್ಲಿ ಉಪ್ಪುನೀರು ತುಂಬಿ, ಹೀಟರ್ ಮತ್ತು ಪಂಪ್ ಹಾಕಿ, ಕತ್ತಲಲ್ಲಿ ಹಲವು ವಾರ ನೆನೆಸಿಟ್ಟೆ. ಬೆಳಕಿಲ್ಲದ ಕಾರಣ ಪಾಚಿ ಹುಟ್ಟುವಂತಿರಲಿಲ್ಲ, ಬಂಡೆ ಬಿಟ್ಟುಕೊಟ್ಟ ಫಾಸ್ಫೇಟ್ ಅಷ್ಟೂ ನೀರಿನಲ್ಲಿ ಕಾಣಿಸುವಂತಿತ್ತು. ಮೊದಲ ಅಳತೆಯಲ್ಲೇ ಅದು 1 ಪಿಪಿಎಂ ದಾಟಿತ್ತು. ನೀರು ಬದಲಿಸಿದರೆ ಇಳಿಯುತ್ತಿತ್ತು, ಕೆಲವೇ ದಿನಗಳಲ್ಲಿ ಮತ್ತೆ ಏರುತ್ತಿತ್ತು. ಕೊನೆಗೆ ಆ ಡ್ರಮ್ಮಿಗೇ ಲ್ಯಾಂಥನಮ್ ಕ್ಲೋರೈಡ್ ದ್ರಾವಣವನ್ನು ಹನಿಹನಿಯಾಗಿ ಸೇರಿಸಿದೆ. ಅದು ಫಾಸ್ಫೇಟಿನೊಂದಿಗೆ ಕೂಡಿ ಕರಗದ ಬಿಳಿಯ ಪುಡಿಯಾಗಿ ತಳಕ್ಕಿಳಿಯುತ್ತದೆ. ಮೀನುಗಳಿರುವ ತೊಟ್ಟಿಯಲ್ಲಿ ಈ ಪುಡಿ ಕಿವಿರುಗಳಿಗೆ ತೊಂದರೆ ಕೊಡಬಲ್ಲದು, ಆದುದರಿಂದ ಬಹಳ ನವಿರಾದ ಫಿಲ್ಟರ್ ಚೀಲದ ಮೂಲಕವೇ ಹಾಯಿಸಬೇಕಾಗುತ್ತದೆ. ಜೀವಿಗಳಿಲ್ಲದ ಡ್ರಮ್ಮಿನಲ್ಲಿ ಆ ಆತಂಕವಿರಲಿಲ್ಲ. ಬಂಡೆಯನ್ನು ತೊಟ್ಟಿಗೆ ಸೇರಿಸುವ ಹೊತ್ತಿಗೆ ಡ್ರಮ್ಮಿನ ನೀರಿನಲ್ಲಿ ಫಾಸ್ಫೇಟ್ 0.2ರ ಆಸುಪಾಸಿನಲ್ಲಿ ನಿಂತಿತ್ತು. ಬಂಡೆಯ ಒಳಗಿನದೆಲ್ಲ ಖಾಲಿಯಾಗಿದೆ ಎಂದು ಇದರ ಅರ್ಥವಲ್ಲ. ಹೊರಕ್ಕೆ ಬರುವ ವೇಗ ತಗ್ಗಿದೆ ಎಂದಷ್ಟೇ ಅರ್ಥ. ಈ ವ್ಯತ್ಯಾಸ ಮುಂದೆ ಬಹಳ ಮುಖ್ಯವಾಯಿತು.

ನೀರಿನ ವಿಷಯದಲ್ಲಿ ಹೆಚ್ಚು ಹೇಳುವುದೇನೂ ಇಲ್ಲ. ಆರ್‌ಓ ಪೊರೆಯ ನಂತರ, ಉಳಿದ ಲವಣಗಳನ್ನೂ ಹಿಡಿಯುವ ಡಿಐ ರಾಳವಿರುವ ಘಟಕದಿಂದ ಬಂದ, ಟಿಡಿಎಸ್ (ಕರಗಿದ ಒಟ್ಟು ಘನಪದಾರ್ಥ) ಸೊನ್ನೆ ತೋರಿಸುವ ನೀರನ್ನೇ ಬಳಸಿದೆ. ಒಂದು ಅಂಶವನ್ನು ಮಾತ್ರ ಗಮನದಲ್ಲಿಡಬೇಕು. ರಾಳ ಮುಗಿಯುತ್ತ ಬಂದಾಗ ಮೊದಲು ತಪ್ಪಿಸಿಕೊಂಡು ಬರುವವುಗಳಲ್ಲಿ ಸಿಲಿಕೇಟ್ ಒಂದು, ಮತ್ತು ಅದು ವಿದ್ಯುತ್ತನ್ನು ಅಷ್ಟಾಗಿ ಹರಿಯಗೊಡದ ಕಾರಣ ಟಿಡಿಎಸ್ ಮೀಟರ್ ಅದನ್ನು ಬೇಗ ಹಿಡಿಯುವುದಿಲ್ಲ. ಮೀಟರ್ ಅಲುಗುವ ಮುನ್ನವೇ ರಾಳ ಬದಲಿಸುವುದನ್ನು ರೂಢಿ ಮಾಡಿಕೊಂಡೆ. ಹಾಗಿದ್ದೂ ಸಿಲಿಕೇಟಿನಿಂದ ಕವಚ ಕಟ್ಟಿಕೊಳ್ಳುವ ಏಕಕೋಶ ಪಾಚಿಗಳಾದ ಡಯಾಟಮ್‌ಗಳ ಕಂದು ಹೊದಿಕೆ ಮರಳಿನ ಮೇಲೆ ಬಂದೇ ಬಂದಿತು, ಏಕೆಂದರೆ ಹೊಸ ಮರಳು ಮತ್ತು ಬಂಡೆಗಳಲ್ಲೇ ಒಂದಿಷ್ಟು ಸಿಲಿಕೇಟ್ ಇರುತ್ತದೆ. ಅದಕ್ಕೆ ನಾನು ಏನೂ ಮಾಡಲಿಲ್ಲ. ಸಿಗುವ ಸಿಲಿಕೇಟ್ ಮುಗಿದಂತೆ ಅದು ತಾನಾಗಿಯೇ ತೆಳುವಾಯಿತು.

ಹೊಸ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ನೆಲೆಗೊಂಡು ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಸಾರಜನಕ ಚಕ್ರ ನಡೆಯುತ್ತಿದ್ದ ದಿನಗಳಲ್ಲಿ ನೈಟ್ರೇಟ್ ಅಳೆದು ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ನಾವು ಬಳಸುವ ಬಹುಪಾಲು ಕಿಟ್‌ಗಳು ನೈಟ್ರೇಟನ್ನು ಮೊದಲು ನೈಟ್ರೈಟ್ ಆಗಿ ಮಾರ್ಪಡಿಸಿ, ಆ ನೈಟ್ರೈಟಿನ ಬಣ್ಣವನ್ನೇ ತೋರಿಸುತ್ತವೆ; ನೀರಿನಲ್ಲಿ ಆಗಲೇ ನೈಟ್ರೈಟ್ ಇದ್ದರೆ ಅಳತೆ ಇರುವುದಕ್ಕಿಂತ ಬಹಳ ಹೆಚ್ಚು ಬರುತ್ತದೆ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಇಳಿದ ಮೇಲೆ ಸಿಕ್ಕಿದ ಅಂಕಿಯನ್ನೇ ನಾನು ಆರಂಭದ ಅಂಕಿ ಎಂದು ಬರೆದಿಟ್ಟುಕೊಂಡೆ: ನೈಟ್ರೇಟ್ 12, ಫಾಸ್ಫೇಟ್ 0.14.

ಅಳತೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮುಂದಿನ ನಿರ್ಧಾರಗಳೆಲ್ಲ ಅದರ ಮೇಲೆಯೇ ನಿಂತಿವೆ. ಫಾಸ್ಫೇಟಿಗೆ ಬಣ್ಣ ಹೋಲಿಸಿ ನೋಡುವ ಕಿಟ್ ಸಾಲದು, 0.03 ಮತ್ತು 0.1ರ ನಡುವಿನ ನಸುನೀಲಿಯ ವ್ಯತ್ಯಾಸ ಕಣ್ಣಿಗೆ ಸರಿಯಾಗಿ ಸಿಗುವುದಿಲ್ಲ. ನಾನು ಬಳಸುವುದು ರಂಜಕವನ್ನು ಪಿಪಿಬಿ (ಪಿಪಿಎಂನ ಸಾವಿರದಲ್ಲೊಂದು ಭಾಗ) ಲೆಕ್ಕದಲ್ಲಿ ತೋರಿಸುವ, ಅಂಗೈಯಲ್ಲಿ ಹಿಡಿಯುವಂಥ ಪುಟ್ಟ ಕಲರಿಮೀಟರ್, ಅಂದರೆ ನೀರಿನ ಬಣ್ಣದ ಗಾಢತೆಯನ್ನು ಅಳೆಯುವ ಯಂತ್ರ. ಗಾಜಿನ ಬಾಟಲಿಯನ್ನು ತೊಟ್ಟಿಯ ನೀರಿನಿಂದಲೇ ತೊಳೆದು, ಗೆರೆಯವರೆಗೆ ನೀರು ತುಂಬಿ, ಹೊರಮೈಯನ್ನು ನೂಲೆಳೆ ಬಿಡದ ಬಟ್ಟೆಯಿಂದ ಒರೆಸಿ, ಮೊದಲು ಖಾಲಿ ನೀರಿನ ಅಳತೆ ಕೊಡಬೇಕು. ಆಮೇಲೆ ಬಣ್ಣ ಬರಿಸುವ ಪುಡಿಯ ಪೊಟ್ಟಣವನ್ನು ಕತ್ತರಿಸಿ, ಮೂಲೆಯಲ್ಲಿ ಉಳಿಯುವ ಕಣಗಳನ್ನೂ ತಟ್ಟಿ ಒಳಗೆ ಬೀಳಿಸಿ, ಎರಡು ನಿಮಿಷ ಮೆಲ್ಲಗೆ ಅಲುಗಾಡಿಸಬೇಕು. ಜೋರಾಗಿ ಕುಲುಕಿದರೆ ಗಾಜಿನ ಒಳಗೋಡೆಗೆ ಸಣ್ಣ ಗುಳ್ಳೆಗಳು ಅಂಟಿಕೊಂಡು ಬೆಳಕನ್ನು ಚೆದುರಿಸುತ್ತವೆ. ಬಾಟಲಿಯನ್ನು ಪ್ರತಿ ಸಲವೂ ಒಂದೇ ದಿಕ್ಕಿಗೆ ಮುಖ ಮಾಡಿ ಇರಿಸಲು ಅದರ ಕತ್ತಿನ ಮೇಲೆ ಶಾಯಿಯ ಗುರುತೊಂದನ್ನು ಹಾಕಿಕೊಂಡಿದ್ದೇನೆ. ಮೂರು ನಿಮಿಷದ ಎಣಿಕೆ ಮುಗಿದು 16 ಎಂದು ಬಂದರೆ ರಂಜಕದ ಆ ಅಂಕಿಯನ್ನು ಫಾಸ್ಫೇಟಿಗೆ ತಿರುಗಿಸಲು 3.066ರಿಂದ ಗುಣಿಸಿ ಸಾವಿರದಿಂದ ಭಾಗಿಸಬೇಕು. ಅಂದರೆ ಫಾಸ್ಫೇಟ್ ಸುಮಾರು 0.049 ಪಿಪಿಎಂ. ಈ ಯಂತ್ರದ ನಿಖರತೆಯೇ 5 ಪಿಪಿಬಿ ಆಚೀಚೆ, ಅಂದರೆ ಫಾಸ್ಫೇಟಿನ ಲೆಕ್ಕದಲ್ಲಿ 0.015. ಹಾಗಿರುವಾಗ ನಿನ್ನೆ 0.05 ಇದ್ದದ್ದು ಇಂದು 0.04 ಆಯಿತೆಂದು ಮದ್ದು ಬದಲಿಸುವುದು ಸಲ್ಲದು. ನಾನು ಒಂದು ಅಳತೆಯನ್ನು ನೋಡಿ ಏನನ್ನೂ ಬದಲಿಸುತ್ತಿರಲಿಲ್ಲ. ಹಲವು ವಾರಗಳ ಅಂಕಿಗಳನ್ನು ಸಾಲಾಗಿ ಬರೆದು, ಅವು ಯಾವ ಕಡೆಗೆ ವಾಲುತ್ತಿವೆ ಎಂಬುದನ್ನೇ ನೋಡುತ್ತಿದ್ದೆ.

ಎರಡು ತಿಂಗಳು ಕಳೆಯುವ ಹೊತ್ತಿಗೆ ಬಂಡೆಗಳ ಮೇಲೆ ಹಸಿರು ಕೂದಲು ಪಾಚಿ ಹಬ್ಬಿತು. ಮೊದಲು ಬಂಡೆಯ ಮೇಲ್ಭಾಗದಲ್ಲಿ ನಸುಹಸಿರು ನಯ, ಆಮೇಲೆ ಗೇಣುದ್ದಕ್ಕೆ ಸ್ವಲ್ಪ ಕಡಿಮೆ ಎನ್ನುವಂಥ ಎಳೆಗಳು, ಪಂಪಿನ ರಭಸಕ್ಕೆ ಅತ್ತಿತ್ತ ಓಲಾಡುತ್ತಿದ್ದವು. ಕುತೂಹಲದ ಸಂಗತಿಯೆಂದರೆ ಪಾಚಿ ಅತಿ ದಟ್ಟವಾಗಿದ್ದ ಆ ವಾರಗಳಲ್ಲೇ ಫಾಸ್ಫೇಟ್ ಅಳತೆ 0.04ಕ್ಕೆ ಇಳಿದಿತ್ತು. ಅಂಕಿಯನ್ನಷ್ಟೇ ನೋಡಿದವರಿಗೆ ಇದು ಅರ್ಥವಾಗದ ಒಗಟು. ನಿಜಕ್ಕೂ ನಮ್ಮ ಕಿಟ್ ತೋರಿಸುವುದು ಯಾರೂ ಬಳಸದೆ ನೀರಿನಲ್ಲಿ ಉಳಿದದ್ದನ್ನು ಮಾತ್ರ. ಪಾಚಿ ಬೆಳೆಯುವುದು ದಿನಕ್ಕೆ ಎಷ್ಟು ರಂಜಕ ಒಳಬರುತ್ತದೆ ಎಂಬುದರ ಮೇಲೆ. ಬಂದದ್ದನ್ನೆಲ್ಲ ಅದು ಆಗಿಂದಾಗಲೇ ಹೀರಿಕೊಂಡರೆ ನೀರಿನ ಅಳತೆ ಕಡಿಮೆಯೇ ಇರುತ್ತದೆ. ಅಂಥ ಸಮಯದಲ್ಲಿ ಫಾಸ್ಫೇಟ್ ಹೀರುವ ಪದಾರ್ಥವನ್ನು ಮತ್ತಷ್ಟು ತುಂಬಿದರೆ ಅಳತೆ ಸೊನ್ನೆಯಾಗುತ್ತದೆ, ಆಗ ಮೊದಲು ಬಳಲುವುದು ಹವಳ. ಬಂಡೆಗೇ ಅಂಟಿಕೊಂಡು, ಬಂಡೆ ಬಿಡುವ ಫಾಸ್ಫೇಟನ್ನು ಬುಡದಲ್ಲೇ ಹೀರುವ ಪಾಚಿ ಇನ್ನೂ ಕೆಲವು ವಾರ ಹಾಯಾಗಿರುತ್ತದೆ.

ಆದ್ದರಿಂದ ನಾನು ಮೊದಲು ಕೈಗೆತ್ತಿಕೊಂಡದ್ದು ಪಾಚಿಯನ್ನೇ ಹೊರಹಾಕುವ ಕೆಲಸ. ಪಂಪುಗಳನ್ನು ನಿಲ್ಲಿಸಿ, ಸೈಫನ್ ಕೊಳವೆಯ ಬಾಯನ್ನು ಎಡಗೈಯಲ್ಲಿ ಹಿಡಿದು, ಅದರ ಇನ್ನೊಂದು ತುದಿಯನ್ನು ಸಂಪಿನ ಫಿಲ್ಟರ್ ಚೀಲಕ್ಕೆ ಬಿಟ್ಟು, ಬಲಗೈಯಿಂದ ಎಳೆಗಳನ್ನು ಬುಡದಲ್ಲಿ ಚಿವುಟಿ ಕೀಳುತ್ತಿದ್ದೆ. ಕಿತ್ತದ್ದು ನೀರಿನಲ್ಲಿ ಹರಡುವ ಮೊದಲೇ ಕೊಳವೆ ಅದನ್ನು ಎಳೆದುಕೊಳ್ಳಬೇಕು, ಏಕೆಂದರೆ ತುಂಡಾದ ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮತ್ತೆ ಬೇರೂರಬಲ್ಲದು. ಬುಡ ಉಳಿದ ಜಾಗವನ್ನು ಗಡುಸಾದ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಬೇಕಾಗುತ್ತಿತ್ತು. ತಿಕ್ಕಿದಾಗ ಎಳೆಗಳ ನಡುವೆ ಸಿಕ್ಕಿಕೊಂಡಿದ್ದ ಕಂದು ಹೊಲಸು ಹೊಗೆಯಂತೆ ಏಳುತ್ತಿತ್ತು, ಅದರೊಂದಿಗೆ ಅಕ್ಕಿನುಚ್ಚಿಗಿಂತ ಸಣ್ಣ ಕೋಪೆಪಾಡ್‌ಗಳು ದಿಕ್ಕೆಟ್ಟು ಓಡುತ್ತಿದ್ದವು. ಕೆಲಸ ಮುಗಿದ ಮೇಲೆ ಫಿಲ್ಟರ್ ಚೀಲವನ್ನು ಹಿಂಡಿದರೆ ಒಂದು ಹಿಡಿ ಹಸಿರು ಉಂಡೆ ಸಿಗುತ್ತಿತ್ತು. ಆ ಉಂಡೆಯೊಳಗಿನ ಸಾರಜನಕವೂ ರಂಜಕವೂ ತೊಟ್ಟಿಯಿಂದ ಖಾಯಮ್ಮಾಗಿ ಹೊರಹೋದಂತೆ. ಪೋಷಕಾಂಶ ಹೊರಹಾಕುವ ವಿಧಾನಗಳಲ್ಲಿ ಇಷ್ಟು ಸರಳವೂ ಖಚಿತವೂ ಆದದ್ದು ಬೇರೊಂದಿಲ್ಲ ಎಂದು ನನಗೆ ಅನ್ನಿಸುತ್ತದೆ, ಆದರೂ ಯಂತ್ರ, ಮದ್ದುಗಳ ಚರ್ಚೆಯಲ್ಲಿ ಇದಕ್ಕೆ ಸಿಗಬೇಕಾದ ಸ್ಥಾನ ಸಿಗುವುದಿಲ್ಲ.

ಬಸವನಹುಳುಗಳನ್ನು ತಂದದ್ದು ಇದರ ನಂತರವೇ. ಉದ್ದ ಎಳೆಗಳನ್ನು ಅವು ಅಷ್ಟಾಗಿ ಮುಟ್ಟುವುದಿಲ್ಲ. ಕಿತ್ತ ಜಾಗದಲ್ಲಿ ಮತ್ತೆ ಚಿಗುರುವ ಕುಡಿಗಳನ್ನು ಮೇಯುವುದೇ ಅವುಗಳ ನಿಜವಾದ ಉಪಯೋಗ. ಟ್ರೋಕಸ್ ಜಾತಿಯವನ್ನೇ ಹೆಚ್ಚಾಗಿ ಇಟ್ಟೆ, ಮಗುಚಿ ಬಿದ್ದರೆ ತಾವೇ ಎದ್ದು ನಿಲ್ಲುತ್ತವೆ ಎಂಬ ಕಾರಣಕ್ಕೆ. ಮೇಯ್ದ ಪಾಚಿಯಲ್ಲಿ ಬಹುಪಾಲು ಮಲವಾಗಿ ಮತ್ತೆ ನೀರಿಗೇ ಸೇರುವುದರಿಂದ ಬಸವನಹುಳುಗಳನ್ನು ಪೋಷಕಾಂಶ ಇಳಿಸುವ ಸಾಧನವೆಂದು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಪಾಚಿಯ ಹೊರೆ ತಗ್ಗಿದಂತೆ, ನಿರೀಕ್ಷಿಸಿದ್ದಂತೆಯೇ, ಫಾಸ್ಫೇಟ್ ಏರತೊಡಗಿತು. ಹೀರುತ್ತಿದ್ದವರು ಕಡಿಮೆಯಾದಾಗ ಬಂಡೆಯಿಂದ ಬರುವುದು ನೀರಿನಲ್ಲೇ ಉಳಿಯತೊಡಗುತ್ತದೆ. 0.04 ಇದ್ದದ್ದು 0.13ಕ್ಕೆ ಬಂದಿತು. ಇಲ್ಲಿ ಒಂದು ಲೆಕ್ಕವನ್ನು ನೋಡಬೇಕು. ಇನ್ನೂರು ಲೀಟರ್ ನೀರಿನಲ್ಲಿ 0.1 ಪಿಪಿಎಂ ಫಾಸ್ಫೇಟ್ ಎಂದರೆ ಒಟ್ಟು 20 ಮಿಲಿಗ್ರಾಂ ಮಾತ್ರ. ಬಂಡೆ ಮತ್ತು ಮರಳು ಇದರ ಹಲವು ಪಟ್ಟನ್ನು ತಮ್ಮ ಮೇಲ್ಮೈಯಲ್ಲಿ ಹಿಡಿದಿಟ್ಟುಕೊಳ್ಳಬಲ್ಲವು. ನೀರಿನಲ್ಲಿ ಹೆಚ್ಚಾದರೆ ಹೀರಿಕೊಳ್ಳುತ್ತವೆ, ಕಡಿಮೆಯಾದರೆ ಬಿಟ್ಟುಕೊಡುತ್ತವೆ. ಬಂಡೆಯೇ ಕಣಜ, ನೀರಿನಲ್ಲಿರುವುದು ಕಣಜದ ಬಾಯಲ್ಲಿ ಚೆಲ್ಲಿದ ನಾಲ್ಕು ಕಾಳು. ಹತ್ತರಲ್ಲಿ ಒಂದು ಭಾಗ ನೀರು ಬದಲಿಸಿದರೆ ಫಾಸ್ಫೇಟ್ 0.13ರಿಂದ 0.117ಕ್ಕೆ ಇಳಿಯಬೇಕು, ಆದರೆ ಎರಡು ದಿನ ಬಿಟ್ಟು ನೋಡಿದರೆ ಮತ್ತೆ 0.13ರಲ್ಲೇ ನಿಂತಿರುತ್ತಿತ್ತು. ನೀರು ಬದಲಿಸುವುದರಿಂದ ಬೇರೆ ಅನುಕೂಲಗಳಿವೆ, ಫಾಸ್ಫೇಟ್ ಇಳಿಸುವ ವಿಷಯದಲ್ಲಿ ಅದನ್ನು ನಂಬಿ ಕೂರುವಂತಿಲ್ಲ.

ಹೀಗಾಗಿ ಜಿಎಫ್‌ಓ, ಅಂದರೆ ಫಾಸ್ಫೇಟ್ ಹೀರುವ, ಸಣ್ಣ ಹರಳುಗಳಾಗಿ ಸಿಗುವ ಕಬ್ಬಿಣದ ಆಕ್ಸೈಡನ್ನು ಬಳಸಿದೆ. ಪೊಟ್ಟಣದ ಮೇಲೆ ಹೇಳಿದ ಪ್ರಮಾಣದ ಕಾಲುಭಾಗಕ್ಕಿಂತ ಕಡಿಮೆ. ಕೆಂಪು ಪುಡಿ ಹೋಗುವವರೆಗೆ ಚೆನ್ನಾಗಿ ತೊಳೆದು ಚಿಕ್ಕ ರಿಯಾಕ್ಟರಿನಲ್ಲಿ (ನೀರು ಹಾದುಹೋಗುವ ಕೊಳವೆಯಂಥ ಪಾತ್ರೆ) ಹಾಕಿ, ನೀರಿನ ಹರಿವನ್ನು ಹರಳುಗಳ ಮೇಲ್ಪದರ ಮಾತ್ರ ನಸುವಾಗಿ ಕುದಿಯುವಂತೆ ಕಾಣುವಷ್ಟಕ್ಕೆ ನಿಲ್ಲಿಸಿದೆ. ರಿಯಾಕ್ಟರಿಗೆ ಹೋಗುವ ನೀರನ್ನೂ ಅಲ್ಲಿಂದ ಹೊರಬರುವ ನೀರನ್ನೂ ಬೇರೆಬೇರೆಯಾಗಿ ಅಳೆದರೆ ಅದು ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುತ್ತದೆ. ಎರಡೂ ಅಂಕಿ ಒಂದೇ ಆದ ದಿನ ಹರಳು ಬದಲಿಸುತ್ತಿದ್ದೆ. ಇಷ್ಟು ಕಡಿಮೆ ಹಾಕಿದ್ದಕ್ಕೆ ಕಾರಣವಿದೆ. ಹೆಚ್ಚು ಜಿಎಫ್‌ಓ ಒಂದೇ ದಿನದಲ್ಲಿ ನೀರಿನ ಫಾಸ್ಫೇಟನ್ನು ಎಳೆದುಬಿಡಬಲ್ಲದು, ಮತ್ತು ಹವಳಕ್ಕೆ ಫಾಸ್ಫೇಟಿನ ಮಟ್ಟಕ್ಕಿಂತ ಅದರ ಹಠಾತ್ ಕುಸಿತವೇ ಹೆಚ್ಚು ಅಪಾಯಕಾರಿ. ಕ್ಷಾರೀಯತೆಯೂ ಜಿಎಫ್‌ಓದಿಂದ ಒಂದಿಷ್ಟು ಕುಗ್ಗಬಹುದಾದ್ದರಿಂದ ಅದನ್ನು 8 ಡಿಕೆಎಚ್ (ಕ್ಷಾರೀಯತೆಯ ಅಳತೆಮಾನ) ಸುತ್ತಮುತ್ತ ಕಾಯ್ದುಕೊಂಡು ಬಂದೆ. ತಿಂಗಳುಗಟ್ಟಲೆ ನಿಧಾನವಾಗಿ ಎಳೆದರೆ ಕಣಜವೂ ನಿಧಾನವಾಗಿ ಬರಿದಾಗುತ್ತದೆ, ನೀರಿನ ಅಂಕಿ ಅಲ್ಲಾಡುವುದಿಲ್ಲ. ನನಗೆ ಬೇಕಾಗಿದ್ದದ್ದು ಅದೇ.

ಇದೇ ಸಮಯದಲ್ಲಿ ಸಂಪಿನ ಒಂದು ಭಾಗವನ್ನು ರಿಫ್ಯೂಜಿಯಂ ಆಗಿ, ಅಂದರೆ ಪಾಚಿಯನ್ನು ಬೇಕೆಂದೇ ಬೆಳೆಸುವ ಪ್ರತ್ಯೇಕ ಕೋಣೆಯಾಗಿ ಮಾರ್ಪಡಿಸಿ ಕೀಟೊಮಾರ್ಫಾ (ಕೀಟೊ) ಎಂಬ ಎಳೆಎಳೆಯಾದ ಹಸಿರು ಪಾಚಿಯ ಉಂಡೆಯೊಂದನ್ನು ಬಿಟ್ಟೆ. ಮೇಲಿನ ತೊಟ್ಟಿಯ ದೀಪ ಆರಿದ ಮೇಲೆ ಇದರ ದೀಪ ಹೊತ್ತಿಕೊಳ್ಳುವಂತೆ ಟೈಮರ್ ಇಟ್ಟಿದ್ದರಿಂದ ರಾತ್ರಿ ಪಿಎಚ್ ಇಳಿಯುವುದೂ ಕಡಿಮೆಯಾಯಿತು. ಬಂಡೆಯ ಮೇಲೆ ಬೆಳೆಯಬೇಕಾದ ಪಾಚಿ ಕಣ್ಣಿಗೆ ಬೀಳದ ಕೋಣೆಯಲ್ಲಿ ಬೆಳೆಯಲಿ ಎಂಬುದೇ ಇದರ ಹಿಂದಿನ ವಿಚಾರ. ಕೀಟೊ ಚೆನ್ನಾಗಿಯೇ ಬೆಳೆಯಿತು; ಕೆಲವು ವಾರಗಳಲ್ಲಿ ನೈಟ್ರೇಟ್ 8ರಿಂದ ಅಳತೆಗೆ ಸಿಗದಷ್ಟು ಕೆಳಗಿಳಿಯಿತು. ಫಾಸ್ಫೇಟ್ ಮಾತ್ರ 0.09ರಲ್ಲಿ ಹಾಗೆಯೇ ನಿಂತಿತ್ತು.

ಈ ಹಂತವೇ ಇಡೀ ವರ್ಷದಲ್ಲಿ ನನಗೆ ಅತ್ಯಂತ ಆಸಕ್ತಿಯ ಹಂತ. ಸಮುದ್ರದ ಪ್ಲವಕಗಳಲ್ಲಿ ಇಂಗಾಲ, ಸಾರಜನಕ, ರಂಜಕ ಪರಮಾಣುಗಳು 106:16:1ರ ಅನುಪಾತದಲ್ಲಿರುತ್ತವೆ ಎಂಬ ರೆಡ್‌ಫೀಲ್ಡ್ ಅನುಪಾತವನ್ನು ಈ ಹವ್ಯಾಸದಲ್ಲಿ ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಕೀಟೊ ಪ್ಲವಕವಲ್ಲ. ತಳಕ್ಕೆ ಅಂಟಿ ಬೆಳೆಯುವ ಸಮುದ್ರ ಸಸ್ಯಗಳ ಬಗ್ಗೆ ಆಟ್ಕಿನ್ಸನ್ ಮತ್ತು ಸ್ಮಿತ್ ಅವರು 1983ರಲ್ಲಿ ಪ್ರಕಟಿಸಿದ ಮಧ್ಯಾಂಕ 550:30:1. ಅದನ್ನು ನಮ್ಮ ಕಿಟ್‌ಗಳ ಭಾಷೆಗೆ ತಂದರೆ, ಇಂಥ ಪಾಚಿ 1 ಪಿಪಿಎಂ ಫಾಸ್ಫೇಟಿನ ಜತೆಗೆ ಸುಮಾರು 20 ಪಿಪಿಎಂ ನೈಟ್ರೇಟನ್ನು ಹೀರುತ್ತದೆ. ಹಾಗಾದರೆ 8 ಪಿಪಿಎಂ ನೈಟ್ರೇಟ್ ಪೂರ್ತಿ ಕೀಟೊಗೇ ಹೋಗಿದ್ದರೆ ಅದರೊಂದಿಗೆ 0.4 ಪಿಪಿಎಂ ಫಾಸ್ಫೇಟೂ ಹೋಗಿರಬೇಕು, ಅಂದರೆ ನನ್ನ ನೀರಿನಲ್ಲಿ ಇದ್ದದ್ದರ ನಾಲ್ಕು ಪಟ್ಟಿಗಿಂತ ಹೆಚ್ಚು. ಒಂದಿಷ್ಟು ನೈಟ್ರೇಟ್ ಬಂಡೆಯೊಳಗಿನ ಆಮ್ಲಜನಕವಿಲ್ಲದ ಪದರಗಳಲ್ಲಿ ಸಾರಜನಕ ಅನಿಲವಾಗಿ ಹಾರಿಹೋಗಿರುತ್ತದೆ, ದಿನನಿತ್ಯದ ಆಹಾರದಿಂದ ಎರಡೂ ಒಂದಷ್ಟು ಸೇರಿರುತ್ತವೆ. ಇವನ್ನೆಲ್ಲ ಕಳೆದು ಕೂಡಿದರೂ ಫಾಸ್ಫೇಟ್ ಕದಲದೆ ನಿಂತಿರುವುದಕ್ಕೆ ಬಂಡೆಯ ಕಣಜವನ್ನು ಬಿಟ್ಟರೆ ಬೇರೆ ವಿವರಣೆ ಸಿಗುವುದಿಲ್ಲ. ರಂಜಕಕ್ಕೆ ಅನಿಲವಾಗಿ ಹೊರಹೋಗುವ ದಾರಿಯೂ ಇಲ್ಲ. ಹೀಗೆ ನೈಟ್ರೇಟ್ ಮುಗಿದು ಫಾಸ್ಫೇಟ್ ಉಳಿದಾಗ ಕೀಟೊ ಬೆಳೆಯುವುದನ್ನು ನಿಲ್ಲಿಸಿತು, ಅದರ ಬಣ್ಣವೂ ಹಳದಿಗೆ ತಿರುಗಿತು. ಪಂಪಿನ ಹರಿವು ಅಷ್ಟಾಗಿ ತಾಗದ ಮೂಲೆಯಲ್ಲಿ ಮರಳಿನ ಮೇಲೆ ಕೆನ್ನೇರಳೆ ಹಾಸು ಕಾಣಿಸಿಕೊಂಡಿತು. ಅದು ಸಯನೋಬ್ಯಾಕ್ಟೀರಿಯಾ, ಅವುಗಳಲ್ಲಿ ಹಲವಕ್ಕೆ ನೀರಿನಲ್ಲಿ ಕರಗಿದ ಸಾರಜನಕ ಅನಿಲವನ್ನೇ ಬಳಸಿಕೊಳ್ಳುವ ಶಕ್ತಿ ಇರುವುದರಿಂದ, ನೈಟ್ರೇಟ್ ಇಲ್ಲದೆ ಫಾಸ್ಫೇಟ್ ಮಾತ್ರ ಇರುವ ನೀರು ಅವಕ್ಕೆ ಅನುಕೂಲ.

ಆದ್ದರಿಂದ ಪಾಚಿ ಇಳಿಸುವ ಸಲುವಾಗಿ ನಾನು ತೊಟ್ಟಿಗೆ ನೈಟ್ರೇಟ್ ಹಾಕಲು ಶುರುಮಾಡಿದೆ. ಕೇಳಿದವರಿಗೆ ಇದು ವಿಚಿತ್ರವೆನಿಸಿತು, ಆದರೆ ಲೆಕ್ಕ ಸ್ಪಷ್ಟವಾಗಿತ್ತು: ಕೀಟೊ ಫಾಸ್ಫೇಟನ್ನು ಎಳೆಯಬೇಕಾದರೆ ಅದಕ್ಕೆ ನೈಟ್ರೇಟ್ ಬೇಕು. ಶುದ್ಧ ಸೋಡಿಯಂ ನೈಟ್ರೇಟನ್ನು ಆರ್‌ಓ ಡಿಐ ನೀರಿನಲ್ಲಿ ಕರಗಿಸಿಟ್ಟುಕೊಂಡೆ. ಇನ್ನೂರು ಲೀಟರಿಗೆ 1 ಪಿಪಿಎಂ ನೈಟ್ರೇಟ್ ಏರಿಸಲು ಸುಮಾರು 275 ಮಿಲಿಗ್ರಾಂ ಸಾಕು. ದಿನಕ್ಕೆ ಅದರ ಅರ್ಧದಷ್ಟನ್ನು ಸಂಪಿಗೆ ಸುರಿಯುತ್ತ, ಅಳತೆಯಲ್ಲಿ ನೈಟ್ರೇಟ್ ಕಾಣಿಸಿಕೊಳ್ಳುವವರೆಗೆ ಮುಂದುವರಿಸಿದೆ. ಮೊದಲ ವಾರ ಹಾಕಿದ್ದೆಲ್ಲ ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ. ಅಂಕಿ ಸೊನ್ನೆಯಲ್ಲೇ ಇತ್ತು, ಕೀಟೊ ಮಾತ್ರ ಮತ್ತೆ ಕಡುಹಸಿರಾಯಿತು. ಆಮೇಲೆ ನೈಟ್ರೇಟ್ ಮೆಲ್ಲಗೆ 2ಕ್ಕೆ, 5ಕ್ಕೆ ಬಂದು ನಿಂತಿತು, ಮತ್ತು ಅದುವರೆಗೆ ಅಲುಗಾಡದಿದ್ದ ಫಾಸ್ಫೇಟ್ ಇಳಿಯತೊಡಗಿತು. ಬಂಡೆಯ ಮೇಲಿನ ಕೂದಲು ಪಾಚಿ ಇದರಿಂದ ಹೆಚ್ಚಲಿಲ್ಲ. ಸಯನೋ ಹಾಸನ್ನು ಸೈಫನ್ನಿನಿಂದ ಎಳೆದು, ನೀರನ್ನು ತಳ್ಳುವ ಒಂದು ಪವರ್‌ಹೆಡ್ಡನ್ನು ಆ ಮೂಲೆಯ ಕಡೆಗೆ ತಿರುಗಿಸಿದೆ. ಮರುದಿನ ಮಧ್ಯಾಹ್ನದೊಳಗೆ ಮರಳಿ ಬರುತ್ತಿದ್ದದ್ದು ಕ್ರಮೇಣ ತೆಳುವಾಗಿ ಕಾಣೆಯಾಯಿತು. ಅದಕ್ಕೆ ಪ್ರತಿಜೀವಕ ಬಳಸುವ ಪದ್ಧತಿಯೂ ಇದೆ. ಬ್ಯಾಕ್ಟೀರಿಯಾಗಳ ಸಮುದಾಯ ಇನ್ನೂ ನೆಲೆಗೊಳ್ಳುತ್ತಿರುವ ತೊಟ್ಟಿಯಲ್ಲಿ ಅದನ್ನು ಬಳಸುವುದನ್ನು ನಾನು ಒಪ್ಪುವುದಿಲ್ಲ.

ನೈಟ್ರೇಟ್ ಹಾಕುವಾಗ ಒಂದು ಎಚ್ಚರಿಕೆ ಬೇಕು. ಸಾರಜನಕ ಹೆಚ್ಚಿದ್ದು ರಂಜಕ ಮಾತ್ರ ಸಾಲದೆ ಹೋದಾಗ ಹವಳಗಳು ಬೆಳಕು ಮತ್ತು ಬಿಸಿಗೆ ಬೇಗ ಬಿಳಿಚಿಕೊಳ್ಳುತ್ತವೆ ಎಂಬುದನ್ನು ಯೋರ್ಗ್ ವೀಡನ್‌ಮನ್ ಮತ್ತು ಸಂಗಡಿಗರು 2013ರಲ್ಲಿ ನೇಚರ್ ಕ್ಲೈಮೇಟ್ ಚೇಂಜ್ ಪತ್ರಿಕೆಯಲ್ಲಿ ತೋರಿಸಿದ್ದಾರೆ. ಹೀಗಾಗಿ ನೈಟ್ರೇಟ್ ಏರುತ್ತಿದ್ದ ವಾರಗಳಲ್ಲಿ ಫಾಸ್ಫೇಟನ್ನು ಹೆಚ್ಚು ಸಲ ಅಳೆದೆ, ಅದು 0.06 ತಲುಪಿದೊಡನೆ ರಿಯಾಕ್ಟರಿನ ಜಿಎಫ್‌ಓವನ್ನು ಅರ್ಧಕ್ಕಿಳಿಸಿದೆ. ಒಂದನ್ನು ಮೇಲೆತ್ತುವಾಗ ಇನ್ನೊಂದು ತಳ ಮುಟ್ಟದಂತೆ ನೋಡಿಕೊಳ್ಳುವುದೇ ಈ ಕೆಲಸದ ಜಾಣ್ಮೆ.

ಇಂಗಾಲ ಹಾಕುವ ಪದ್ಧತಿಯನ್ನು, ಅಂದರೆ ವಿನೆಗರ್ ಅಥವಾ ವೋಡ್ಕಾ ಹನಿಸಿ ಬ್ಯಾಕ್ಟೀರಿಯಾ ಬೆಳೆಸಿ ಅವನ್ನು ಸ್ಕಿಮ್ಮರಿನಿಂದ (ನೊರೆಯಲ್ಲಿ ಕೊಳೆಯನ್ನು ಹಿಡಿಯುವ ಯಂತ್ರ) ತೆಗೆಯುವ ವಿಧಾನವನ್ನು, ಏಕೆ ಅನುಸರಿಸಲಿಲ್ಲವೆಂದು ಕೆಲವರು ಕೇಳಿದ್ದಾರೆ. ಮೀನು ಹೆಚ್ಚಿರುವ ಹಳೆಯ ತೊಟ್ಟಿಗಳಲ್ಲಿ ಅದು ಒಳ್ಳೆಯ ವಿಧಾನವೇ. ನನ್ನ ತೊಟ್ಟಿಯಲ್ಲಿ ನೈಟ್ರೇಟೇ ಕೊರತೆಯಾಗಿದ್ದಾಗ ಅದನ್ನು ಇನ್ನೂ ವೇಗವಾಗಿ ತಿನ್ನುವ ವ್ಯವಸ್ಥೆಯನ್ನು ತರುವುದು ಅಸಂಗತವಾಗುತ್ತಿತ್ತು. ಮೀನುಗಳ ಆಹಾರವನ್ನೂ ಕಡಿತಗೊಳಿಸಲಿಲ್ಲ. ಪಾಚಿ ಕಂಡ ಕೂಡಲೇ ಮೀನನ್ನು ಉಪವಾಸ ಕೆಡಹುವುದು ನನಗೆ ಸರಿಕಾಣುವುದಿಲ್ಲ; ದಿನಕ್ಕೆ ಎರಡು ಸಲ, ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನು ಕೊಟ್ಟು, ಹೊರಹಾಕುವ ದಾರಿಗಳನ್ನೇ ಅದಕ್ಕೆ ತಕ್ಕಂತೆ ಹೊಂದಿಸಿಕೊಂಡೆ. ದೀಪದ ವಿಷಯದಲ್ಲಿ ಮಾತ್ರ ಬಿಳಿ ಮತ್ತು ಕೆಂಪು ಬೆಳಕನ್ನು ತಗ್ಗಿಸಿ ನೀಲಿಯನ್ನು ಹಾಗೆಯೇ ಇಟ್ಟೆ, ಪೂರ್ಣ ಬೆಳಕಿನ ಅವಧಿಯನ್ನು ಏಳು ಗಂಟೆಗೆ ಸೀಮಿತಗೊಳಿಸಿದೆ.

ಆರನೆಯ ತಿಂಗಳ ಸುಮಾರಿಗೆ ಮರಳಿನ ಮೇಲೆ ಕಂದು ಬಣ್ಣದ ಲೋಳೆಯ ಎಳೆಗಳು ಕಾಣಿಸಿಕೊಂಡವು, ತುದಿಗಳಲ್ಲಿ ಗುಳ್ಳೆ, ರಾತ್ರಿ ಮಾಯ, ಮಧ್ಯಾಹ್ನ ಮತ್ತೆ ಹಾಜರು. ಲಕ್ಷಣಗಳೆಲ್ಲ ಡೈನೊಗಳದೇ. ಊಹೆಯ ಮೇಲೆ ಮದ್ದು ಹಾಕುವ ಬದಲು ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನಾನ್ನೂರು ಪಟ್ಟು ಹಿಗ್ಗಿಸಿ ನೋಡಿದೆ. ಆಸ್ಟ್ರಿಯೋಪ್ಸಿಸ್ ಆಗಿದ್ದರೆ ಕಣ್ಣೀರ ಹನಿಯಾಕಾರದ ಕೋಶಗಳು ಒಂದು ಬಿಂದುವಿಗೆ ಕಟ್ಟಿಹಾಕಿದಂತೆ ಗಿರಗಿರನೆ ತಿರುಗುತ್ತಿರಬೇಕು. ಆಗ ನೀರಿನಲ್ಲಿ ತೇಲುವ ಕೋಶಗಳನ್ನು ಕೊಲ್ಲುವ ಯುವಿ (ನೇರಳಾತೀತ) ದೀಪದ ಮೊರೆ ಹೋಗಬೇಕಾಗಿತ್ತು, ಏಕೆಂದರೆ ರಾತ್ರಿ ಅವು ನೀರಿಗೆ ಏಳುತ್ತವೆ. ನನಗೆ ಕಂಡದ್ದು ಉದ್ದನೆಯ ದೋಣಿಯಾಕಾರದ, ಗಾಜಿನಂಥ ಕವಚದ, ನಿಧಾನವಾಗಿ ಹಿಂದೆ ಮುಂದೆ ಜಾರುವ ಕೋಶಗಳು. ಡಯಾಟಮ್‌ಗಳೇ ಮರಳಿ ಬಂದಿದ್ದವು. ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಇದ್ದಲ್ಲೇ ಇರಿಸಿ, ರಾಳವನ್ನು ಬದಲಿಸಿ, ಕಾದೆ. ಒಂದು ಹನಿ ನೀರು ನೋಡುವ ಆ ಸೂಕ್ಷ್ಮದರ್ಶಕ ದುಬಾರಿಯ ಯಾವ ಮದ್ದಿಗಿಂತಲೂ ಉಪಯುಕ್ತ ಎಂದು ಹೊಸಬರಿಗೆ ಖಂಡಿತವಾಗಿ ಹೇಳುತ್ತೇನೆ.

ಆ ನಂತರದ ತಿಂಗಳುಗಳಲ್ಲಿ ಹೇಳುವಂಥ ಏರುಪೇರು ಇರಲಿಲ್ಲ. ಪಾಚಿ ಕಿತ್ತ ಜಾಗಗಳಲ್ಲಿ ಕೋರಲೈನ್ ಪಾಚಿಯ (ಸುಣ್ಣದ ಪದರದಂತೆ ಬಂಡೆಗೆ ಅಂಟಿ ಬೆಳೆಯುವ ಪಾಚಿ) ಗುಲಾಬಿ ಚುಕ್ಕೆಗಳು ಹುಟ್ಟಿ ಒಂದನ್ನೊಂದು ಕೂಡಿಕೊಂಡವು, ಅವು ಆವರಿಸಿದ ಬಂಡೆಯಲ್ಲಿ ಕೂದಲು ಪಾಚಿ ಅಷ್ಟು ಸುಲಭವಾಗಿ ಬೇರೂರಲಿಲ್ಲ. ಕೈಯಿಂದ ಕೀಳುವ ಕೆಲಸ ವಾರಕ್ಕೊಮ್ಮೆ ಇದ್ದದ್ದು ತಿಂಗಳಿಗೊಮ್ಮೆಗೆ ಬಂದಿತು. ಜಿಎಫ್‌ಓವನ್ನು ಹಂತಹಂತವಾಗಿ ಕಡಿಮೆ ಮಾಡಿ ಕೊನೆಗೆ ರಿಯಾಕ್ಟರನ್ನೇ ಕಳಚಿದೆ. ಕಳಚಿದ ಮೇಲೂ ಫಾಸ್ಫೇಟ್ 0.06 ಮತ್ತು 0.08ರ ನಡುವೆಯೇ ಉಳಿದಾಗ ಬಂಡೆಯ ಸಂಗ್ರಹ ಆ ಮಟ್ಟಕ್ಕೆ ಹೊಂದಿಕೊಂಡಿದೆ ಎಂದು ಖಾತರಿಯಾಯಿತು. ನೈಟ್ರೇಟ್ 6ರ ಆಸುಪಾಸಿನಲ್ಲಿದೆ, ಆದರೆ ತಾನಾಗಿ ಅಲ್ಲ. ಸೋಡಿಯಂ ನೈಟ್ರೇಟಿನ ಸಣ್ಣ ಪ್ರಮಾಣವೊಂದನ್ನು ಡೋಸಿಂಗ್ ಪಂಪ್ ದಿನವೂ ಹನಿಸುತ್ತಿದೆ. ಮೆದು ಹವಳಗಳೂ ಯೂಫಿಲಿಯಾ ಹವಳಗಳೂ ಚೆನ್ನಾಗಿ ಅರಳಿ ನಿಂತ ಮೇಲೆ ಅಕ್ರೊಪೋರಾ ಎಂಬ ಗಟ್ಟಿ ಹವಳದ ಕೆಲವು ತುಂಡುಗಳನ್ನು ಸೇರಿಸಿದ್ದೇನೆ. ಅವು ಬುಡದಲ್ಲಿ ಬಂಡೆಯ ಮೇಲೆ ಹರಡಿಕೊಳ್ಳಲು ಆರಂಭಿಸಿವೆ, ಪೋಷಕಾಂಶಗಳ ಬಳಕೆಯೂ ಅದಕ್ಕೆ ತಕ್ಕಂತೆ ಏರುತ್ತಿದೆ. ಹೀಗಾಗಿ ಈಗ ಕೀಟೊಗೆ ಉರಿಯುವ ದೀಪದ ಅವಧಿಯನ್ನು ವಾರಕ್ಕೆ ಅರ್ಧ ಗಂಟೆಯಂತೆ ಇಳಿಸುತ್ತಿದ್ದೇನೆ, ಪ್ರತಿ ಇಳಿಕೆಯ ನಂತರ ಎರಡೂ ಅಂಕಿಗಳು ನೆಲೆನಿಂತಿರುವುದನ್ನು ನೋಡಿಯೇ ಮುಂದಿನದಕ್ಕೆ ಕೈಹಾಕುತ್ತಿದ್ದೇನೆ.